ಹೊಲಿಗೆ ಬಿಟ್ಟ ಹೊಟ್ಟೆ

ಇನ್ನೊಬ್ಬರ ಹೊಟ್ಟೆಯ ಬಗ್ಗೆ ಮಾತನಾಡುವ ಹಕ್ಕು ಲೋಕದಲ್ಲಿ ಇಬ್ಬರಿಗೆ ಮಾತ್ರ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರು ಡಾಕ್ಟರು, ಇನ್ನೊಬ್ಬರು ದರ್ಜಿ. ಕೆಲಮಂಗಲದಲ್ಲಿ ನಾನು ಹೆಂಗಸರ ರವಿಕೆ ಹೊಲಿಯಲು ಕೂತು ಇಪ್ಪತ್ತು ವರ್ಷ. ಊರಿನ ಅರ್ಧ ಹೆಂಗಸರ ಸುತ್ತಳತೆ ನನ್ನ ತಲೆಯಲ್ಲಿದೆ. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ರವಿಕೆ ಬಿಗಿಯಾಯಿತು, ಕಂಕುಳಲ್ಲಿ ಬಿಟ್ಟಿತು ಎಂದು ಜಗಳಕ್ಕೆ ಬಂದವರಿಗೆ ಮಾತ್ರ ಒಂದೇ ಉತ್ತರ ಕೊಟ್ಟು ಕಳಿಸುತ್ತಿದ್ದೆ: "ಹೊಲಿಗೆ ಸರಿಯಾಗೈತೆ, ಮೈ ಬೆಳೆದೈತೆ." ಇಷ್ಟು ಮರ್ಯಾದೆಯಿಂದ ಬದುಕಿದ ನನ್ನ ಹೊಟ್ಟೆಯನ್ನು ಕೆಲಮಂಗಲದಿಂದ ಕೃಷ್ಣಗಿರಿಯವರೆಗೆ ಜನ ಟೇಪೇ ಇಲ್ಲದೆ ಅಳೆದರಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೊದಲಿಂದ ಹೇಳುತ್ತೇನೆ. ಮಗಳು ಸರಸು ಹುಟ್ಟಿದ ಮೇಲೆ ನನಗೆ ಅವಳಿ ಗಂಡುಮಕ್ಕಳಾದರು. ಅವರು ಹೊರಗೆ ಬಂದರೂ ಅವರಿಗಾಗಿ ಬಿಟ್ಟುಕೊಟ್ಟ ಜಾಗ ಹಾಗೇ ಉಳಿಯಿತು. ಮೆಷಿನ್ ತುಳಿಯಲು ಕೂತರೆ ಹೊಟ್ಟೆ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯ ಡಾಕ್ಟರು ನೋಡಿ, ಒಳಗೆ ಮಾಂಸ ನಡುವೆ ಬಿಟ್ಟುಕೊಂಡಿದೆ ಎಂದರು. ಅದನ್ನು ಕೂಡಿಸಿ ಹೊಲಿದು, ಜೋತುಬಿದ್ದ ಚರ್ಮವನ್ನು ಕತ್ತರಿಸಿ ತೆಗೆದರು. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಟಕ್ ಹಿಡಿದರು. ಕನ್ನಡಿಯಲ್ಲಿ ನೋಡಿಕೊಂಡೆ. ಗೀಟು ನೇರವಾಗಿತ್ತು. ಗಂಡಸಿನ ಕೈಯ ಹೊಲಿಗೆಗೆ ಪರವಾಗಿಲ್ಲ ಎಂದುಕೊಂಡೆ.

ತೊಂದರೆಯಾದದ್ದು ಆಪರೇಷನ್ ಎಂಬ ಮಾತಿನಿಂದ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಮ್ಮ ಕಡೆ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳುವುದು. ನಾನು ಆಪರೇಷನ್ ಆಗಿ ಬಂದೆ ಎಂದದ್ದೇ ತಡ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ನನ್ನನ್ನು ತೋರಿಸಿ ಮಿಕ್ಕವರಿಗೆ ಬುದ್ಧಿ ಹೇಳತೊಡಗಿದರು. "ಟೈಲರಮ್ಮನೇ ಮಾಡಿಸ್ಕೊಂಡವ್ರೆ, ನಿಮ್ಗೇನ್ ಬಂದಿರೋದು?" ನಾನು ಇಲ್ಲ ಎನ್ನಲಿಲ್ಲ. ಚರ್ಮ ಕತ್ತರಿಸಿಕೊಂಡೆ ಎಂದರೆ ಶೋಕಿ ಎನ್ನುತ್ತಾರೆ ಎಂಬ ಭಯ. ಮಾಡದ ಕೆಲಸಕ್ಕೆ ಸಿಕ್ಕ ಗೌರವವನ್ನು ಹತ್ತು ವರ್ಷ ಸುಮ್ಮನೆ ಅನುಭವಿಸಿದೆ.

ಹತ್ತು ವರ್ಷದ ಮೇಲೆ ಹೊಟ್ಟೆ ಮತ್ತೆ ಮುಂದೆ ಬಂತು. ಮೊದಲು ಸೆರಗು ಸುತ್ತಿ ಮುಚ್ಚಿದೆ. ಮುಚ್ಚಿದ್ದೇ ತಪ್ಪಾಯಿತು, ಅನುಮಾನ ಗಟ್ಟಿಯಾಯಿತು. ಹೊಸೂರು ಬಸ್ಸಿನ ಕಂಡಕ್ಟರ್ ತಮಿಳಿನಲ್ಲಿ "ಅಮ್ಮಾವುಕ್ಕು ಎಡಂ ಕುಡುಂಗ" ಎಂದು ಒಬ್ಬ ಮುದುಕನನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಪಕ್ಕದ ಮನೆ ಗೌರಮ್ಮ ಕದವನ್ನೂ ತಟ್ಟದೆ ಒಳಗೆ ಬಂದು, "ಎಷ್ಟ್ ತಿಂಗ್ಳಮ್ಮಾ? ಆಪ್ರೇಸನ್ ಆದೋಳ್ಗೇ ಹಿಂಗಾದ್ರೆ ನಮ್ ಗತಿಯೇನು?" ಎಂದಳು. ನರ್ಸಮ್ಮನಂತೂ ನಾನು ಸರ್ಕಾರಕ್ಕೇ ಮೋಸ ಮಾಡಿದವಳ ಹಾಗೆ ಮುಖ ತಿರುಗಿಸಿಕೊಂಡು ಹೋದರು. ನನ್ನ ಯಜಮಾನರ ನಡತೆ ಇವರೆಲ್ಲರಿಗಿಂತ ಕೆಟ್ಟದಾಗಿತ್ತು. ಸಂತೆಯಲ್ಲಿ ಯಾರೋ ಕೇಳಿದರೆ ಇಲ್ಲ ಎನ್ನುವುದು ಬಿಟ್ಟು ಮೀಸೆ ನೇವರಿಸಿಕೊಂಡು ಬಂದರಂತೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ, ಆದರೆ ಅದೇ ಹೊತ್ತಿಗೆ ಸರಸುವಿನ ಮದುವೆ ಗೊತ್ತಾಗಿತ್ತು. ಹುಡುಗ ಕೃಷ್ಣಗಿರಿಯವನು, ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಒಳ್ಳೆಯ ಮನೆತನ. ಅವನ ತಾಯಿ ಜಯಮ್ಮನಿಗೆ ನಿಶ್ಚಿತಾರ್ಥಕ್ಕೆ ನಾನೇ ರವಿಕೆ ಹೊಲಿದುಕೊಟ್ಟಿದ್ದೆ. ಆರತಿಗೆ ಕೈ ಎತ್ತಿದಾಗ ಅದು ಕಂಕುಳಲ್ಲಿ ಪರ್ ಎಂದಿತ್ತು. ಅಭ್ಯಾಸಬಲ, ನೆಂಟರೆಲ್ಲರ ಮುಂದೆ ನನ್ನ ಆ ಒಂದೇ ಉತ್ತರವನ್ನು ಹೇಳಿಬಿಟ್ಟಿದ್ದೆ. ಈಗ ಆ ಜಯಮ್ಮ ಹೇಳಿಕಳಿಸಿದರು: "ಬೀಗಿತ್ತಿ ಬಾಣಂತನ ಮುಗೀಲಿ, ಆಮ್ಯಾಕೆ ಲಗ್ನದ ಮಾತು."

ಸರಸು ಎರಡು ದಿನ ಊಟ ಬಿಟ್ಟಳು. "ನೀನೇ ಹೋಗಿ ಹೇಳಮ್ಮಾ, ಒಳಗೆ ಏನೂ ಇಲ್ಲ ಅಂತ" ಎಂದು ಅತ್ತಳು. ಇಲ್ಲದ ಮಗುವಿನಿಂದ ಇರುವ ಮಗಳ ಬಾಳು ಕೆಡುತ್ತಿರುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಬೆಂಗಳೂರಿಗೆ ಹೋಗಿ ಅದೇ ಡಾಕ್ಟರ ಮುಂದೆ ನಿಂತೆ. ನೀವು ನನ್ನನ್ನು ಹೊಲಿದ ವರ್ಷ ನಾನು ಹೊಲಿದ ರವಿಕೆಗಳು ಇನ್ನೂ ಊರ ಹೆಂಗಸರ ಮೈಮೇಲಿವೆ, ನಿಮ್ಮ ಹೊಲಿಗೆಗೆ ಏನು ರೋಗ ಎಂದು ಕೇಳಿದೆ. ಅವರು ಮಲಗಿಸಿ, ತಲೆ ಎತ್ತಿಸಿ, ಒತ್ತಿ ನೋಡಿದರು. ಭಾರ ಎತ್ತುತ್ತೀರಾ ಎಂದರು. ದಿನಾ ಬೆಳಿಗ್ಗೆ ಮೆಷಿನ್ನಿನ ತಲೆಯನ್ನು ಒಳಗಿನಿಂದ ಜಗಲಿಗೆ, ಸಂಜೆ ಜಗಲಿಯಿಂದ ಒಳಕ್ಕೆ ಎತ್ತುತ್ತೇನೆ ಎಂದೆ. ತಿನ್ನುವುದರ ಬಗ್ಗೆಯೂ ಕೇಳಿದರು. ಅದಕ್ಕೆ ಪೂರ್ತಿ ಉತ್ತರ ಕೊಡಲಿಲ್ಲ. ಆಗ ಅವರು ಕೈ ತೊಳೆಯುತ್ತಾ ಹೇಳಿದರು: "ಹೊಲಿಗೆ ಸರಿಯಾಗಿದೆಯಮ್ಮ. ಸುತ್ತ ಸಡಿಲವಾಗಿದೆ. ಮೈ ಬೆಳೆದಿದೆ."

ಇಪ್ಪತ್ತು ವರ್ಷ ನಾನು ಹೇಳಿದ ಮಾತನ್ನು ಇವರಿಗೆ ಯಾರು ಕಲಿಸಿದರು? "ನಾವು ಮುಂದಕ್ಕೆ ಬೇಕಾಗ್ತದೆ ಅಂತ ರವಿಕೆ ಒಳಗೆ ಎರಡಂಗುಲ ಬಟ್ಟೆ ಬಿಟ್ಟಿರ್ತೀವಿ. ನೀವ್ಯಾಕೆ ಬಿಡ್ಲಿಲ್ಲ?" ಎಂದು ಕೇಳಿದೆ.

"ಬಿಟ್ಟಿದ್ದರೆ ಅದನ್ನೇ ಹೊಟ್ಟೆ ಅನ್ನುತ್ತಿದ್ದಿರಿ" ಎಂದರು. ಬಸುರಲ್ಲ ಎಂದು ಚೀಟಿ ಬರೆದು, ಕಟ್ಟಿಕೊಳ್ಳಲು ಅಗಲವಾದ ಒಂದು ಬೆಲ್ಟ್ ಕೊಟ್ಟು ಕಳಿಸಿದರು.

ಮಾರನೆಯ ದಿನವೇ ಬೆಲ್ಟ್ ಬಿಗಿದು ಕೃಷ್ಣಗಿರಿಗೆ ಹೋದೆ. ಜಯಮ್ಮ ಚೀಟಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು. ನಾನು ಆಪರೇಷನ್ನಿನ ನಿಜವನ್ನು, ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದನ್ನು, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, ಎದ್ದು ಒಳಗೆ ಹೋಗಿ, ಆ ಹರಿದ ರವಿಕೆಯನ್ನು ತಂದು ನನ್ನ ಮುಂದೆ ಹಾಸಿದರು.

"ನಿನ್ ಹೊಟ್ಟೆ ಮಾತು ಆಯ್ತು. ಇದ್ಕೇನ್ ಹೇಳ್ತೀಯ ಈಗ?"

ಆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸರಸುವಿನ ಮುಖ ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಹೇಳಿದೆ, "ಹೊಲಿಗೆ ತಪ್ಪಮ್ಮಾ. ನನ್ದೇ ತಪ್ಪು."

"ಹಂಗಾರೆ ಬರೋ ತಿಂಗ್ಳೇ ಲಗ್ನ ಇಟ್ಕೊಳ್ಳಾನ" ಎಂದು ಜಯಮ್ಮ ಸೂಜಿದಾರ ತಂದಿಟ್ಟರು. ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಎರಡಂಗುಲವನ್ನು ಹೊರಕ್ಕೆ ತಂದು ಹೊಲಿದೆ. ಕೊನೆಗೆ ದಾರ ಕಚ್ಚಲು ಬಗ್ಗಿದಾಗ ಸೀರೆಯೊಳಗೆ ಪಟ್ ಎಂದು ಶಬ್ದವಾಗಿ, ಬೆಲ್ಟ್ ಸಡಿಲಾಗಿ, ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂತಿತು.

ಜಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು, "ಇರ್ಲಿ ಬುಡು ಬೀಗಿತ್ತಿ, ಅದೂ ಹೊಲಿಗೆ ತಪ್ಪೇ."

ಮನೆಗೆ ಬಂದು ಬೆಲ್ಟನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಕಿತ್ತದ್ದು ಕೊಕ್ಕೆ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.