ಹಾವಿನ ಪಾಲು

ನಮ್ಮ ಕಾಕಾನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹುಚ್ಚಾಗಿದ್ದರೆ ಅದಕ್ಕೊಂದು ಔಷಧಿ ಇರುತ್ತಿತ್ತಲ್ಲ! ಇದು ಹಾವು. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮರುವರ್ಷ, ಊರು ಬಿಡುತ್ತಿದ್ದ ಗೆಳೆಯನೊಬ್ಬನಿಂದ ತಂದದ್ದು. ವಿಷವಿಲ್ಲದ, ಪರವಾನಗಿ ಇರುವ, ಪರದೇಶದ ಹೆಬ್ಬಾವು. ದುಃಖ ಮರೆಯಲು ಜನ ಕಾಶಿಗೆ ಹೋಗುತ್ತಾರೆ, ಗಿಳಿ ಸಾಕುತ್ತಾರೆ. ಇವರಿಗೆ ಹಾವೇ ಬೇಕಿತ್ತೆ? ಗರಗದಿಂದ ನೌಕರಿಗೆಂದು ಬಂದು, ದೇಶಪಾಂಡೆ ನಗರದ ಅವರ ಮನೆಯಲ್ಲಿರುವ ನಾನು ಯಾರ ಮುಂದೆ ಹೇಳಿಕೊಳ್ಳಲಿ?

ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಒಂದು ದಿನ ಬಟಾಣಿ ಹುಡುಕುತ್ತ ಫ್ರೀಜರಿನ ಡಬ್ಬಿ ತೆರೆದರೆ ಸಾಲಾಗಿ ಮಲಗಿದ ಇಲಿಗಳು! ನಾನು ಚೀರಿದ್ದು ಇಡೀ ಓಣಿಗೆ ಕೇಳಿಸಿತು.

“ಸತ್ತಾವವ್ವಾ, ಕಡಿಯೂದಿಲ್ಲ,” ಎಂದರು ಕಾಕಾ ಸಮಾಧಾನವಾಗಿ.

ಹಾವಿಗೆ ಕೊಡುವ ಮುಂಚೆ ಅವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುತ್ತಾರೆ. ಯಾವ ಪಾತ್ರೆಯಲ್ಲಿ ಎಂದು ಕೇಳಬೇಡಿ. ನನ್ನ ಚಹಾದ ಪಾತ್ರೆಯನ್ನು ಅಂದೇ ಹೊರಗೆ ಎಸೆದೆ.

ಇನ್ನು ಸ್ವಚ್ಛತೆ! ಬೆಳಿಗ್ಗೆ ಎದ್ದವರೇ ಹಾವಿನ ಪೆಟ್ಟಿಗೆಯ ಹೊಲಸು ತೆಗೆದು, ನೀರಿನ ಬಟ್ಟಲು ತೊಳೆದು, ಹೊಸ ಪೇಪರು ಹಾಸುತ್ತಾರೆ. ಅದೂ ನಾನಿನ್ನೂ ಓದದ ಅಂದಿನ ಪೇಪರು!

“ತ್ಯಾವ ಇದ್ರ ಅದರ ಮೈಗೆ ಗುಳ್ಳಿ ಏಳತಾವ,” ಎನ್ನುತ್ತ ಮೂಲೆ ಮೂಲೆ ಒರೆಸುತ್ತಾರೆ. ಅವರ ಸ್ವಂತ ಕೋಣೆಯಲ್ಲೋ, ಹಾಸಿಗೆಯ ಮೇಲೆ ಒದ್ದೆ ಟವೆಲು, ಚಹಾದ ಲೋಟಕ್ಕೆ ಇರುವೆ. ಹಾವು ನೋಡಲು ಬಂದವರು ಅದೇ ಹಾವಿನ ಗೂಡೆಂದು ನೇರ ಆ ಕೋಣೆಗೇ ಹೋಗುತ್ತಾರೆ.

ಹೋದ ಪಂಚಮಿಗೆ ಓಣಿಯ ಹೆಂಗಸರು ಹಾಲಿನ ಬಟ್ಟಲು ಹಿಡಿದು ಬಂದರು. ಕಾಕಾ ಬಾಗಿಲಿಗೆ ಅಡ್ಡ ನಿಂತರು. “ಹಾವು ಹಾಲು ಕುಡಿಯೂದಿಲ್ರಿ ಬಾಯಾರ!”

“ನಿಮ್ಮದು ಪರದೇಶದ್ದು, ಅದಕ್ಕ ರೂಢಿ ಇಲ್ಲ. ನೀವರ ಕಲಿಸ್ರಿ!” ಎಂದಳು ಎದುರುಮನೆಯ ಅಜ್ಜಿ.

ಈ ವರ್ಷ ಪಂಚಮಿ ಹತ್ತಿರ ಬಂದಾಗ ಹಾವು ತಿನ್ನುವುದನ್ನೇ ಬಿಟ್ಟಿತು. ಅದರ ಹಿಂದೆ ಕಾಕಾನೂ! ರೊಟ್ಟಿ ಮುರಿದು ಹಾಗೇ ಬಿಡುತ್ತಾರೆ, ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ನುಂಗುತ್ತಾರೆ. ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಪೆಟ್ಟಿಗೆಯ ಪಕ್ಕದಲ್ಲೇ ಕುಸಿದರು. ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಿ ಕೂರಿಸಿದವಳೇ ಹರಿಹಾಯ್ದೆ.

“ಅದು ಹಾವು ಕಾಕಾ! ತಿಂಗಳಗಟ್ಲೆ ಉಪಾಸ ಇರತೈತಿ. ನಿಮಗ ಏನಾಗೇತ್ರಿ? ನಾಳೆನ ಅದನ್ನ ಯಾರಿಗರ ಕೊಟ್ಟಬಿಡ್ರಿ! ಇಲ್ಲಾ ನಾನ ಹೋಗತೇನಿ!”

ಕಾಕಾ ಪೆಟ್ಟಿಗೆಯ ಗಾಜನ್ನೇ ನೋಡುತ್ತಿದ್ದರು.

“ನಿಮ್ಮ ಕಾಕೂನೂ ಹಿಂಗ ಊಟಾ ಬಿಟ್ಟಿದ್ಲವ್ವಾ. ಹಸಿವಾದ್ರ ತಾನ ಉಣತಾಳ ಅಂತ ನಾ ಸುಮ್ಮನಿದ್ದೆ.”



ಪಂಚಮಿಯಂದು ಕಲ್ಲಿನ ನಾಗಪ್ಪನ ಮುಂದೆ ನಿಂತೆ. ನಮ್ಮಲ್ಲಿ ಮನೆಯ ಒಬ್ಬೊಬ್ಬರ ಹೆಸರಿಗೂ ಹಾಲು ಎರೆಯುತ್ತೇವೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಕಾಕಾನ ಪಾಲು. ಬಟ್ಟಲಲ್ಲಿ ಇನ್ನೂ ಒಂದಿಷ್ಟು ಹಾಲು ಉಳಿದಿತ್ತು. ಸಿಟ್ಟೇನೂ ಇಳಿದಿರಲಿಲ್ಲ, ಹಲ್ಲು ಕಚ್ಚಿಕೊಂಡೇ ಅದನ್ನೂ ಎರೆದೆ.

“ಇದು ಪೆಟ್ಟಿಗ್ಯಾಗಿನ ಆ ಹಾಳಾದದ್ದರ ಪಾಲು. ಉಣ್ಣ ನಮ್ಮವ್ವಾ, ಉಣ್ಣ. ನೀ ಉಂಡ್ರ ನಮ್ಮ ಕಾಕಾ ಉಣತಾರ.”