ಅಪ್ಪನ ಒಂಟಿ ಸೀನು

ನಾನು ಕಾಲೇಜು ಓದಿದ್ದು ನನ್ನ ತಲೆಯಿಂದಲ್ಲ, ನಮ್ಮಪ್ಪನ ಮೂಗಿನಿಂದ! ನಂಬದಿದ್ದರೆ ಬಿಡಿ. ಪಾಠ ಹೇಳಿ ಹೇಳಿ ನಿವೃತ್ತಳಾದ ಮೇಲೆ ಯಾರನ್ನೂ ನಂಬಿಸುವ ತ್ರಾಣ ನನಗೂ ಉಳಿದಿಲ್ಲ.

ಆಗ ಕುಪ್ಪಗಡ್ಡೆಯಲ್ಲಿ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳೆಂದರೆ ಮುಂದಿನ ತರಗತಿ ಮದುವೆ. ಅಪ್ಪನಿಗೋ ನನ್ನನ್ನು ಶಿಕಾರಿಪುರದ ಕಾಲೇಜಿಗೆ ಸೇರಿಸುವ ಹುಚ್ಚು. ಆದರೆ ಹೆತ್ತತಾಯಿಗೆ ಎದುರಾಡಿದ ಜೀವವಲ್ಲ. ಅಜ್ಜಿ ತಂದ ಗಂಡಿಗೆಲ್ಲ ತಲೆಯಾಡಿಸುತ್ತಿದ್ದರು. ಬಂದವರು ಉಪ್ಪಿಟ್ಟು ತಿಂದು, "ಹಂಗಾದ್ರೆ ಮುಂದಿನ ಮಾತು..." ಎನ್ನುತ್ತಲೇ ಅಪ್ಪ ಒಂದು ಚಿಟಿಕೆ ನಸ್ಯ ಏರಿಸಿ, ಆಕ್ಷೀ! ಒಂದೇ ಒಂದು. ಶುಭದ ಮಾತಿಗೆ ಒಂಟಿ ಸೀನು ಬಿದ್ದ ಮೇಲೆ ಯಾರು ಕೂರುತ್ತಾರೆ? ಎದ್ದು ಚಪ್ಪಲಿ ಹುಡುಕುತ್ತಿದ್ದರು.

"ನಿನ್ನ ಮೂಗಿಗೇನು ಬಡ್ಕೊಂಡೈತೋ?" ಎಂದು ಅಜ್ಜಿ ಬೈದರೆ, "ಸೀನು ನನ್ನ ಕೈಯಾಗೈತೇನವ್ವ?" ಎನ್ನುವರು.

ಅಪ್ಪನಿಗೆ ಶಕುನದಲ್ಲಿ ಕವಡೆಯಷ್ಟೂ ನಂಬಿಕೆಯಿರಲಿಲ್ಲ. ಬೆಕ್ಕು ಅಡ್ಡ ಬಂದರೆ, "ಅದಕ್ಕೂ ಏನೋ ಕೆಲ್ಸ ಇರ್ತದೆ" ಎಂದು ನಡೆದುಬಿಡುವವರು.

ಸೀರೆ ಉಟ್ಟು ಬಿಚ್ಚಿ ನನಗೆ, ರವೆ ಹುರಿದು ಅವ್ವನಿಗೆ ಸಾಕುಸಾಕಾಗಿತ್ತು. "ರೀ, ಅವ್ರು ಬರೋಕೆ ಮುಂಚೇನೇ ಸೀನಿಬಿಡ್ರಿ. ರವೆನಾದ್ರೂ ಉಳೀತದೆ," ಎಂದಳು ಅವ್ವ.

ಒಮ್ಮೆ ಈಸೂರಿನವರ ಮುಂದೆ ನಸ್ಯ ಹೆಚ್ಚಾಗಿ ಎರಡು ಸೀನು ಬಂದುಬಿಟ್ಟಿತು! ಜೋಡಿ ಸೀನು ಶುಭವಲ್ಲವೇ? ಗಂಡಿನ ತಂದೆ, "ಭೇಷಾತು ಬಿಡ್ರಿ!" ಎಂದು ಎಲೆ ಅಡಿಕೆ ತಟ್ಟೆಗೆ ಕೈಹಾಕಿದರು. ಅಪ್ಪ ಬಿಳಿಚಿಕೊಂಡು ಡಬ್ಬಿಯನ್ನೇ ಮೂಗಿಗೆ ಸುರಿದುಕೊಂಡರು. ಊಹೂಂ, ಮೂರನೆಯದು ಬರಲೊಲ್ಲದು! ಅಷ್ಟರಲ್ಲಿ ಅಡುಗೆಮನೆಯಿಂದ ಘಾಟು. ಅವ್ವ ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿದ್ದಳು! ಗಂಡು, ಗಂಡಿನ ಸೋದರಮಾವ, ಅಜ್ಜಿ ಎಲ್ಲರೂ ಸೀನಿದರು. ಯಾರದು ಒಂಟಿ, ಯಾರದು ಜೋಡಿ, ಲೆಕ್ಕ ಇಟ್ಟವರಾರು?

ಈಸೂರಿನವರು ಎಲೆ ಅಡಿಕೆ ಬಿಟ್ಟು ಎದ್ದುಹೋದ ಮೇಲೆ, ಅಂಗಳದಲ್ಲಿ ಕಣ್ಣೊರೆಸಿಕೊಳ್ಳುತ್ತ ಅಜ್ಜಿ ಸೋತಳು. "ಓದ್ಲಿ ಹೋಗಪ್ಪ. ನನಗೆ ಸಾಕಾತು."

ನಾನು ಕಾಲೇಜಿಗೆ ಹೊರಟ ದಿನ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅಪ್ಪ ಥಟ್ಟನೆ ಟವೆಲಿನಿಂದ ಮೂಗು ಒತ್ತಿ ಹಿಡಿದರು. ಮುಖ ಕೆಂಪಾಗಿ, ಕಣ್ಣಲ್ಲಿ ಧಾರೆ ನೀರು. "ಏನಾತಪ್ಪ?" ಎಂದರೆ ಇನ್ನೊಂದು ಕೈಯಲ್ಲಿ 'ಹತ್ತು, ಹತ್ತು' ಎಂಬ ಸನ್ನೆ.

ಒಂದು ಸೀನು ತಡೆಯಲು ನಮ್ಮಪ್ಪ ಅಷ್ಟು ಒದ್ದಾಡಿದ್ದನ್ನು ನಾನು ಕಂಡಿರಲಿಲ್ಲ. ಯಾವ ಶಕುನಕ್ಕೂ ಹೆದರದ ಮನುಷ್ಯ, ನಾನು ಹೊರಟಾಗ ಹೆದರಿದ್ದರು. ಬಸ್ಸು ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಇನ್ನೂ ಮೂಗು ಹಿಡಿದುಕೊಂಡೇ ನಿಂತಿದ್ದರು.