ಮಲ್ಲಮ್ಮನ ಎರಡು ಒತ್ತು

ಒತ್ತಕ್ಷರ ಕಂಡರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ಒಂದು ಅಕ್ಷರದ ಕಾಲಿಗೆ ಇನ್ನೊಂದು ಯಾಕೆ ಜೋತು ಬೀಳಬೇಕು ಎಂದು ತಿಳಿಯದೆಯೇ ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ತಂಗಿ ರೇಣುಕಾ ಹತ್ತನೆಯದನ್ನು ಪಾಸು ಮಾಡಿದಳು. ಆದರೂ ಮಸ್ಕಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ನನ್ನ ಅಂಗಡಿಯಲ್ಲಿ ಹಳೆಯದೊಂದು ಕಂಪ್ಯೂಟರ್ ಇರುವುದರಿಂದ ಅವಳ ಕಣ್ಣಿಗೆ ನಾನೇ ವಿದ್ಯಾವಂತ. ಆ ನಂಬಿಕೆ ಕೆಡಿಸಲು ನನಗೂ ಮನಸ್ಸಾಗಲಿಲ್ಲ. ತಪ್ಪು ಶುರುವಾದದ್ದೇ ಅಲ್ಲಿಂದ.

ರೇಣುಕಾಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಸಿಂಧನೂರಿನಿಂದ ಜರಡಿಯಂಥ ಕಣ್ಣುಕಣ್ಣಿನ ಬಟ್ಟೆ ತರಿಸಿ, ಅದರ ಮೇಲೆ ಗುಣಾಕಾರದ ಗುರುತಿನಂಥ ಪುಟ್ಟ ಹೊಲಿಗೆಗಳನ್ನು ಎಣಿಸಿ ಎಣಿಸಿ ಹಾಕಿ ನವಿಲು, ಗಿಳಿ ಮೂಡಿಸುತ್ತಾಳೆ. ಅದಕ್ಕೆ ಕ್ರಾಸ್ ಸ್ಟಿಚ್ ಎನ್ನುತ್ತಾರಂತೆ. ಜನ ಕೇಳಿಕೊಂಡು ಬರತೊಡಗಿದ ಮೇಲೆ ಅವಳಿಗೆ ಮನೆಯ ಮುಂದಿನ ಕೋಣೆ, ನಮ್ಮ ಮಾತಿನಲ್ಲಿ ಖೋಲಿ, ಬೇಕಾಯಿತು. ಅದರಲ್ಲಿ ಅವಳ ಅತ್ತೆ ಮಲ್ಲಮ್ಮನ ಪಾಟಿ-ಬಳಪ, ಬಣ್ಣದ ಮಣಿ, ಹಳೆಯ ಹಾಜರಿ ಪುಸ್ತಕಗಳು ತುಂಬಿದ್ದವು. ಆಕೆ ಅಂಗನವಾಡಿಯಲ್ಲಿ ಊರಿನ ಅರ್ಧ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಸೋಮವಾರ ನಿವೃತ್ತಿ. ಅಂದು ಹೆಸರು ಹೊಲಿದ ನವಿಲಿನ ಪಟ ಕೊಟ್ಟು, ಅತ್ತೆಯ ಮನಸ್ಸು ಕರಗಿದಾಗ ಖೋಲಿ ಕೇಳುವುದು ರೇಣುಕಾಳ ಉಪಾಯ.

ಹೊಲಿಗೆಗೆ ಚೌಕಚೌಕದ ನಕ್ಷೆ ಮಾಡುವ ಸಾಫ್ಟ್‌ವೇರ್ ನನ್ನ ಪಾಲಿಗೆ ಬಂತು. ಸಿದ್ಧ ನಕ್ಷೆಯಲ್ಲಿ ಎರಡು ನವಿಲು, ನಡುವೆ ಇಂಗ್ಲಿಷಿನಲ್ಲಿ ಸ್ವಾಗತ, ಅದರ ಬುಡಕ್ಕೇ ಒಂದು ಸಾಲು ಹೂವು. ಇಂಗ್ಲಿಷ್ ಅಳಿಸಿ ಮಲ್ಲಮ್ಮನ ಹೆಸರನ್ನು ಕನ್ನಡದಲ್ಲಿ ಒತ್ತಿದರೆ ಪರದೆಯ ಮೇಲೆ ಬರೀ ಖಾಲಿ ಡಬ್ಬಿಗಳು ಬಂದವು. ಕೊನೆಗೆ ಮೌಸಿನಿಂದ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಅಕ್ಷರ ಕಟ್ಟಿದೆ. ಇಂಗ್ಲಿಷ್ ಅಕ್ಷರಗಳು ನೆಲದ ಮೇಲೆ ಕೂರುತ್ತವೆ, ನಮ್ಮವು ಕಾಲು ಇಳಿಬಿಟ್ಟು ಕೂರುತ್ತವೆ. ಮಲ್ಲಮ್ಮನ ಎರಡೂ ಒತ್ತು ಹೂವಿನ ಮೇಲೆ ಕಾಲಿಟ್ಟವು. ಎಲ್ಲವನ್ನೂ ಮೇಲೆ ಸರಿಸುವುದು ನನಗೆ ಬರಲಿಲ್ಲ. ಒತ್ತು ಅಳಿಸಿ, ಉಳಿದದ್ದನ್ನು ಕಳಿಸಿದೆ.

"ಅಣ್ಣಾ, ಒತ್ತು ಎಲ್ಲದಾವು?" ಎಂದು ಅವಳು ಫೋನು ಮಾಡಿದಳು.

"ಅವು ಬ್ಯಾರೆ ಹಾಳ್ಯಾಗ ಬರ್ತಾವ ಬೇ. ನೀ ಹೊಲಿ."

ಇಂಥ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆಂದರೆ, ಒತ್ತಕ್ಷರವೂ ಹಾಗೆ ಬಂದಿದ್ದರೆ ನಾನು ಮೇಷ್ಟ್ರಾಗಿರುತ್ತಿದ್ದೆ. ಎರಡು ದಿನದ ನಂತರ ನಕ್ಷೆಯನ್ನು ಜೋರಾಗಿ ಓದಿ ನೋಡಿದೆ: ಮಲಮ. ನಮ್ಮ ಕಡೆ ಗಾಯಕ್ಕೆ ಹಚ್ಚುವ ಔಷಧಿಗೆ ಹಾಗೆನ್ನುತ್ತಾರೆ. ಮೊದಲೆರಡಕ್ಕೇ ನಿಲ್ಲಿಸಿ ಓದಿದರೆ ಇನ್ನೂ ಕೆಟ್ಟದ್ದು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ದಿನಾ ಅವಳ ಫೋನು, ದಿನಾ ನನ್ನ ಪ್ರಿಂಟರ್‌ಗೆ ಹೊಸ ಕಾಯಿಲೆ.

ಭಾನುವಾರ ಬೆಳಿಗ್ಗೆ ಕಟ್ಟಿನ ಪಟ್ಟಿಗಳನ್ನು ಬಗಲಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಇಳಿದ ಕೂಡಲೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ರೇಣುಕಾ ಬಟ್ಟೆ ಹರಡಿದಳು. ನವಿಲು ಎಷ್ಟು ಚೆಂದ ಬಂದಿದ್ದವೆಂದರೆ ನನ್ನ ಪಾಠ ಮರೆತೇ ಹೋಯಿತು.

"ಹೂವಿನ ಸಾಲೂ ಹೊಲದೀನಿ. ಒತ್ತಿಗೆ ಜಾಗಾನೇ ಇಲ್ಲಲ್ಲೋ! ಎಲ್ಲೈತಿ ನಿನ್ನ ಹಾಳಿ?"

"ಸಾಫ್ಟ್‌ವೇರ್ ನುಂಗೈತಿ ಬೇ."

"ಐದನೇ ಇಯತ್ತೆದಾಗ ನಿನ್ನ ಒತ್ತು ಯಾವ ಸಾಫ್ಟ್‌ವೇರ್ ನುಂಗಿತ್ತಪಾ?"

ಅಷ್ಟರಲ್ಲಿ ಮಲ್ಲಮ್ಮ ಒಳಗೆ ಬಂದುಬಿಟ್ಟರು. ಮುಚ್ಚಲು ಸಮಯವಾಗಲಿಲ್ಲ. ಕನ್ನಡಕ ಏರಿಸಿ, ಮಕ್ಕಳಿಗೆ ಓದಿಸುವಂತೆ ಬೆರಳಿಟ್ಟು ಓದಿದರು: "ಮ... ಲ... ಮ. ಯಾರಿಗೆ ಗಾಯಾಗೈತಿ?"



"ನಿಮಗಂತನ ಹೊಲದಿದ್ದೆರೀ ಅತ್ತಿ. ನಾನೇ ಎಣಿಕಿ ತಪ್ಪೀನಿ," ಎಂದಳು ರೇಣುಕಾ.

"ಮನ್ಯಾಗಿನವರ ಹೆಸರೇ ಹಿಂಗ ಹೊಲದರ, ಮುಂದಿನ ಖೋಲ್ಯಾಗ ಕುಂತು ಮಂದಿ ಹೆಸರು ಹೆಂಗ ಹೊಲಿತಿ? ಖೋಲಿ ಮ್ಯಾಲೆ ನಿನ್ನ ಕಣ್ಣೈತಂತ ನನಗ ಗೊತ್ತೈತಿ."

ರೇಣುಕಾ ತಲೆ ತಗ್ಗಿಸಿದಳು. ನನ್ನ ಕಡೆ ನೋಡಲೂ ಇಲ್ಲ. ಬಗಲಲ್ಲಿದ್ದ ಪಟ್ಟಿಯೊಂದು ಜಾರಿ ಬಿತ್ತು. ಆ ಸದ್ದಿಗೆ ಇಬ್ಬರೂ ನನ್ನತ್ತ ತಿರುಗಿದಾಗಲೇ ನನ್ನ ಬಾಯಿ ತೆರೆದದ್ದು. ಧೈರ್ಯದಿಂದಲ್ಲ, ಸಿಕ್ಕಿಬಿದ್ದೆನೆಂಬ ಗಾಬರಿಯಿಂದ.

"ಆಕಿದೇನೂ ತಪ್ಪಿಲ್ಲರೀ. ಒತ್ತು ನಾನೇ ಅಳಿಸೀನಿ. ಗೊತ್ತಿದ್ದೂ ಹೇಳಲಿಲ್ಲ."

ಮಲ್ಲಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಮುಂದಿನ ಖೋಲಿಯಿಂದ ಪಾಟಿ, ಬಳಪ ತಂದು ನನ್ನ ಮುಂದಿಟ್ಟರು. "ಲ-ಕ್ಕ ಲ ಒತ್ತು. ಮ-ಕ್ಕ ಮ ಒತ್ತು. ಬರಿ." ನಲವತ್ತರ ಗಂಡಸಾದ ನಾನು ಚಕ್ಕಳಮಕ್ಕಳ ಹಾಕಿ ಬರೆದೆ. ಆಮೇಲೆ ಕೈಗೆ ಸೂಜಿ ಕೊಟ್ಟು, "ಎರಡು ಹೂವು ಬಿಚ್ಚು" ಎಂದರು. ತಂಗಿ ಹಾಕಿದ ಹೊಲಿಗೆ ಬಿಚ್ಚುವುದು ಎಂಥ ಶಿಕ್ಷೆಯೆಂದು ಬಿಚ್ಚಿದವರಿಗೇ ಗೊತ್ತು. ಒಂದು ಎಳೆಯೂ ಸಡಿಲವಿರಲಿಲ್ಲ. ಮಲ್ಲಮ್ಮ ಬಗ್ಗಿ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿದರು. ಅಲ್ಲಿಯೂ ಒಂದು ಗಂಟಿರಲಿಲ್ಲ.

"ಖೋಲಿ ತಗೋ ರೇಣುಕಾ. ಆದ್ರ ಹೆಸರೆಲ್ಲ ಮೊದಲು ನಾ ಓದಬೇಕು. ನಿಮ್ಮಣ್ಣ ಬರೀ ಕಟ್ಟು ಹಾಕಲಿ."

ಬಿಚ್ಚಿದ ಜಾಗದಲ್ಲಿ ರೇಣುಕಾ ಎರಡೂ ಒತ್ತು ಹೊಲಿದ ಆ ಪಟ ಈಗ ಮುಂದಿನ ಖೋಲಿಯಲ್ಲೇ ತೂಗುತ್ತಿದೆ. ಮೊನ್ನೆ ನಾನು ಹೋದಾಗ ಗಿರಾಕಿಯೊಬ್ಬಳು, "ಇಲ್ಲಿ ಎರಡು ಹೂವು ಯಾಕಿಲ್ಲರೀ?" ಎಂದು ಕೇಳಿದಳು. ರೇಣುಕಾ ಬಾಯಿ ತೆರೆಯುವ ಮೊದಲೇ ನಾನೆಂದೆ:

"ಅದು ಸಾಫ್ಟ್‌ವೇರ್‌ನಾಗಿನ ಡಿಸೈನ್‌ರೀ."

ಒಳಗಿನಿಂದ ಮಲ್ಲಮ್ಮ ಪಾಟಿ ಒರೆಸುವ ಸದ್ದು ಕೇಳಿಸಿತು.